ಹನ್ನೆರಡು ಮನೆ ಬೀಗರು

ಆಗ ನನಗೆ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ನನ್ನ ಓದು ಬಸ್ಸಿನ ಬೋರ್ಡಿಗೆ ಸಾಕಾಗುವಷ್ಟು. ನನ್ನ ಫೋನು ಗುಂಡಿ ಒತ್ತುವಂಥದ್ದು. ಇಂಥವಳ ಹತ್ತಿರ ಬಂದು ಮಹಡಿ ಮನೆಯ ಬಾಡಿಗೆಯವಳು ಆ್ಯಪ್ ವಿಚಾರಕ್ಕೆ ಸಲಹೆ ಕೇಳಿದಳು ಎಂದರೆ ಅವಳ ಗತಿ ಎಲ್ಲಿಗೆ ಬಂದಿತ್ತು, ನೀವೇ ನೋಡಿ.

ಗದಗದ ಕಡೆಯವಳು. ಯಲಹಂಕದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ಆರ್.ಟಿ. ನಗರದ ನಮ್ಮ ಬೀದಿಗೆ ಬಂದ ಮೊದಲ ವಾರವೇ ನಲ್ಲಿ ನೀರಿನ ಗೋಳು ನೋಡಿದಳು. ದಿನ ಬಿಟ್ಟು ದಿನ ಬರುತ್ತದೆ, ಹೊತ್ತು ಮಾತ್ರ ಗೊತ್ತಿಲ್ಲ. ಬೆಳಿಗ್ಗೆ ಐದಕ್ಕೂ ಬಂದೀತು, ಹನ್ನೊಂದಕ್ಕೂ ಬಂದೀತು. ಕೆಲಸ ಬಿಟ್ಟು ನಲ್ಲಿಗೆ ಕಿವಿ ಕೊಟ್ಟು ಕೂರಬೇಕು. ಇವಳು ಆರು ತಿಂಗಳು ರಜೆ ಹಾಕಿ ಅದಕ್ಕೊಂದು ಆ್ಯಪ್ ಮಾಡಿದಳು. ಯಾರ ಮನೆಯಲ್ಲಿ ಮೊದಲು ನೀರು ಬಂತೋ ಅವರು ಒಂದು ಗುಂಡಿ ಒತ್ತಿದರೆ ಬೀದಿಯವರ ಫೋನಿನಲ್ಲೆಲ್ಲ ಗಂಟೆ ಹೊಡೆಯುತ್ತದೆ. ಅಷ್ಟೇ. ಕೆಲಸಕ್ಕೆ ಬರುವಂಥದ್ದು ಎಂದು ನನಗೂ ಅನಿಸಿತು.

ಆದರೆ ಆ್ಯಪ್‌ಗಳ ಅಂಗಡಿಯವರು ಹಾಗೆಲ್ಲ ಒಳಗೆ ಬಿಡುವುದಿಲ್ಲವಂತೆ. ಮೊದಲು ಹನ್ನೆರಡು ಜನ ಅದನ್ನು ಹದಿನಾಲ್ಕು ದಿನ ಬಿಡದೆ ಫೋನಿನಲ್ಲಿಟ್ಟು ಪರೀಕ್ಷೆ ಮಾಡಬೇಕು, ತಪ್ಪು ಹೇಳಬೇಕು, ಇವಳು ಅದನ್ನು ತಿದ್ದಬೇಕು. ನಡುವೆ ಒಬ್ಬರು ಕಳಚಿಕೊಂಡು ಹನ್ನೊಂದಾದರೂ ಎಣಿಕೆ ಮತ್ತೆ ಒಂದರಿಂದ. ಒಂದು ಸಲ ಹಾಗೆ ಆಗಿಹೋಗಿತ್ತು. ರಜೆ ಇನ್ನು ಇಪ್ಪತ್ತೇ ದಿನ. ಈ ಸಲವೂ ಮುರಿದರೆ ಎಲ್ಲ ಬಿಟ್ಟು ಕಾಲೇಜಿಗೆ ಹೋಗುವುದೇ ಎಂದಳು. ಕಾಲೇಜು ಶುರುವಾದ ಮೇಲೆ ಪುರುಸೊತ್ತು ಎಲ್ಲಿಯದು?

ಮೊದಲ ಸಲ ಹೇಗೆ ಕರೆದೆ ಎಂದು ಕೇಳಿದೆ. ಸಿಕ್ಕ ಸಿಕ್ಕ ವಾಟ್ಸಾಪ್ ಗುಂಪಿಗೆಲ್ಲ ಲಿಂಕ್ ಹಾಕಿದ್ದಳಂತೆ, ಬೇಕಾದವರು ಒತ್ತಿ ಬರಲಿ ಎಂದು.

"ಬರೋದೇನೋ ಭಾಳ ಮಂದಿ ಬಂದ್ರು ಅಮ್ಮಾರ. ನಿಲ್ಲಲಿಲ್ಲ. ಒಬ್ಬೊಬ್ಬರ ಹೆಸರು ಬರದು ಕರಿಯೋ ದಾರಿನೂ ಐತ್ರಿ. ಆದ್ರ ಯಾರ್ನ ಕರೀಲಿ? ನನಗ ಇಲ್ಲಿ ಯಾರು ಗೊತ್ತದಾರ?"

ಅದಕ್ಕೇ ನನ್ನ ಹತ್ತಿರ ಬಂದಿದ್ದು. ನಮ್ಮ ಬೀದಿಯಲ್ಲಿ ಯಾರ ಮನೆಯ ಕಾರ್ಯವಾದರೂ ಕರೆಯುವುದಕ್ಕೆ ಜೊತೆಗೆ ಹೋಗುವವಳು ನಾನು. ಯಾರು ಕರೆದರೆ ಬರುತ್ತಾರೆ, ಯಾರು ಹೂಂ ಎಂದು ಕೈಕೊಡುತ್ತಾರೆ, ನನಗೆ ಗೊತ್ತು.

"ಗೋಡೆಗೆ ಚೀಟಿ ಅಂಟ್ಸಿದ್ರೆ ಊಟಕ್ಕೆ ಬರ್ತಾರೇನೆ? ಭಾನುವಾರ ಸೀರೆ ಉಟ್ಕೊಂಡ್ ಬಾ," ಎಂದೆ.

ಕುಂಕುಮದ ಬಟ್ಟಲು ಹಿಡಿದು ಹನ್ನೆರಡು ಮನೆ ಹತ್ತಿ ಇಳಿದೆವು. ಮೂಲೆಯ ಮುಸ್ಲಿಮರ ಮನೆಗೆ ಕಲ್ಲುಸಕ್ಕರೆ ಕೊಟ್ಟೆವು. ಮದುವೆಗೆ ಕರೆದ ಹಾಗೆಯೇ ಕರೆದೆ: ಹದಿನಾಲ್ಕು ದಿನ, ಮನೆಯವರೆಲ್ಲ, ತಪ್ಪಿಸಬಾರದು. ಅವಳು ಅಲ್ಲೇ ಕೂತು ಅವರವರ ಫೋನಿಗೆ ಆ್ಯಪ್ ಹಾಕಿಕೊಟ್ಟಳು.

ಆರು ದಿನವಾದರೂ ಹನ್ನೆರಡು ಹನ್ನೆರಡೇ. ಕುಂಕುಮ ಇಟ್ಟುಕೊಂಡ ಮೇಲೆ ನಡುವೆ ಎದ್ದು ಹೋಗುವುದುಂಟೇ? ನಾನು ಬೀಗುತ್ತಿದ್ದೆ. ಏಳನೆಯ ದಿನ ಅವಳು ಮುಖ ಇಳಿಸಿಕೊಂಡು ಕೆಳಗೆ ಬಂದಳು. ಒಬ್ಬರೂ ಒಂದು ತಪ್ಪು ಹೇಳಿಲ್ಲವಂತೆ. ಯಾರನ್ನು ಕೇಳಿದರೂ ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಕಾಫಿ ಕುಡೀರಿ. ಏನು ತಪ್ಪು ಸಿಕ್ಕಿತು, ಏನು ತಿದ್ದಿದೆ ಎಂದು ಅಂಗಡಿಯವರು ಕೊನೆಗೆ ಕೇಳುತ್ತಾರೆ. ಬರೆಯುವುದಕ್ಕೆ ಏನೂ ಇರಲಿಲ್ಲ.

ತಪ್ಪು ನನ್ನದೇ. ಕುಂಕುಮ ಕೊಟ್ಟು ಕರೆದವರ ಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಎಂದು ಯಾರಾದರೂ ಹೇಳುತ್ತಾರೆಯೇ? ನಾನೇ ಹೇಳುವುದಿಲ್ಲ. ಉಂಡು, ಚೆನ್ನಾಗಿತ್ತು ಎಂದು, ಬೀದಿ ತಿರುಗಿದ ಮೇಲೆ ಆಡಿಕೊಳ್ಳುತ್ತೇನೆ.

ಹಾಗಾದರೆ ಕರೆಸಿಕೊಂಡು ಬಂದೂ ಎದುರಿಗೇ ತಪ್ಪು ಹೇಳುವವರು ಯಾರು? ಗಂಡಿನ ಕಡೆಯವರು. ನನ್ನ ಮಗಳ ಮದುವೆಯಲ್ಲಿ ಬೀಗರು ಕಾಫಿ ತಣ್ಣಗಿದೆ ಎಂದರು. ಬಿಸಿ ಮಾಡಿ ಕೊಟ್ಟರೆ ನಾಲಿಗೆ ಸುಟ್ಟಿತು ಎಂದರು. ಅದು ಅವರ ಹಕ್ಕು. ಹೇಳದಿದ್ದರೆ ಇವರೆಂಥ ಬೀಗರು ಎಂದು ಜನ ಅನುಮಾನಪಡುತ್ತಾರೆ.

ಅವತ್ತೇ ಸಾಯಂಕಾಲ ಅವಳನ್ನು ಎಳೆದುಕೊಂಡು ಮತ್ತೆ ಹನ್ನೆರಡು ಮನೆಗೂ ಹೋದೆ. "ಮೊನ್ನೆ ಕರೆದಿದ್ದು ತಪ್ಪಾಯ್ತು ಕಣ್ರೀ. ಇನ್ನೊಂದ್ ವಾರ ನೀವೆಲ್ಲ ಗಂಡಿನ ಕಡೆಯವರು, ಇವಳು ಹೆಣ್ಣಿನ ಕಡೆ. ಬಾಯಿಗ್ ಬಂದಿದ್ದು ಹೇಳಿ," ಎಂದೆ. ಅವಳಿಗೂ ದಾರಿಯಲ್ಲೇ ಹೇಳಿದ್ದೆ, ಏನಂದರೂ ಎದುರು ಮಾತಾಡಬೇಡ, ಪಾಠ ಹೇಳಬೇಡ, ಬರೆದುಕೋ ಎಂದು. ಮೇಷ್ಟರ ಬಾಯಿ, ಸುಮ್ಮನಿರುವುದು ಅವಳಿಗೆ ಕಷ್ಟವೇ ಆಯಿತು.

ನೋಡಬೇಕಿತ್ತು ನೀವು. ಒಬ್ಬರಿಗೆ ಗಂಟೆ ಆಂಬುಲೆನ್ಸ್ ಬಂದ ಹಾಗೆ, ಇನ್ನೊಬ್ಬರಿಗೆ ಸೊಳ್ಳೆ ಕೂಗಿದ ಹಾಗೆ. ಅಕ್ಷರ ಸಾಸಿವೆ ಕಾಳು. ಬಣ್ಣ ಆಸ್ಪತ್ರೆ ಗೋಡೆಯದು. ಮೂಲೆ ಮನೆಯವರು, ಮಗು ಫೋನು ಹಿಡಿದು ಗುಂಡಿ ಒತ್ತಿ ಬೀದಿಯವರನ್ನೆಲ್ಲ ಸುಳ್ಳೇ ಬಿಂದಿಗೆ ಹಿಡಿಸಿತು ಎಂದರು. ಅದು ನಿಜ, ನಾವೆಲ್ಲ ನಲ್ಲಿಯನ್ನು ಬೈದುಕೊಂಡಿದ್ದೆವು.

ರವಿಕೆ ಹೊಲಿಯುವವಳು ಮಾತ್ರ ಕೈಯಲ್ಲಿದ್ದ ತೋಳು ಹೊಲಿದು ಮುಗಿಸಿದಳು. ಆಮೇಲೆ ಮಿಷನ್ ನಿಲ್ಲಿಸಿ ಹೇಳಿದಳು, "ಫೋನು ನಮ್ಮೆಜಮಾನ್ರು ತಗೊಂಡ್ ಹೋಗ್ತಾರೆ. ಇಲ್ಲಿ ನೀರು ಬಂದ್ರೆ ಗಂಟೆ ಯಶವಂತಪುರದಲ್ಲಿ ಅವ್ರ ಜೇಬಲ್ಲಿ ಹೊಡಿಯುತ್ತೆ. ನಂಗೇನ್ ಬಂತು?"

"ಮೊದಲೇ ಯಾಕ ಹೇಳಲಿಲ್ರೀ ಅಕ್ಕಾ?"

"ಕುಂಕುಮ ಇಟ್ಟು ಕರ್ದಿದ್ರಿ. ಹೆಂಗ್ ಹೇಳ್ಲಿ?"

ಬಾಡಿಗೆಯವಳು ಬರೆಯುವುದನ್ನು ನಿಲ್ಲಿಸಿದಳು. ಬೀದಿಯಲ್ಲಿ ಅಂಥ ಮನೆ ಇನ್ನೂ ಮೂರಿದ್ದವು. ಮನೆಯಲ್ಲಿ ಇರುವವಳಿಗೆ ತಿಳಿಯದ ಮೇಲೆ ನೀರಿನ ಗಂಟೆ ಯಾರಿಗೆ? ಎರಡು ದಿನ ಅವಳು ಮಹಡಿ ಇಳಿಯಲಿಲ್ಲ. ಅನ್ನ ಸಾರು ನಾನೇ ಹೊತ್ತು ಕೊಟ್ಟೆ. ಮೂರನೆಯ ದಿನ ಒಂದು ಮನೆಗೆ ಎರಡು ನಂಬರ್ ಹಾಕುವ ಹಾಗೆ ಮಾಡಿದಳು. ಗುಂಡಿ ಫೋನಾದರೆ ಸುಮ್ಮನೆ ಒಂದು ರಿಂಗ್ ಬರುತ್ತದೆ, ಎತ್ತಬೇಕಾಗಿಲ್ಲ. ರವಿಕೆಯವಳು ಪೆಟ್ಟಿಗೆಯೊಳಗಿದ್ದ ಹಳೆಯ ಫೋನು ಹೊರಗೆ ತೆಗೆದಳು. ನನ್ನದಕ್ಕೂ ರಿಂಗ್ ಬರತೊಡಗಿತು.

ಹದಿನಾಲ್ಕು ದಿನ ಮುಗಿಯಿತು, ಒಬ್ಬರೂ ಕಳಚಿಕೊಳ್ಳಲಿಲ್ಲ. ಏನು ತಿದ್ದಿದೆ ಎಂದು ಅವಳು ಪುಟಗಟ್ಟಲೆ ಬರೆದು ಕಳಿಸಿದಳು. ರಜೆ ಎರಡು ದಿನ ಉಳಿದಿರುವಾಗ ಅಂಗಡಿಯವರ ಒಪ್ಪಿಗೆ ಬಂತು. ಮಹಡಿಯಲ್ಲಿ ಧಡಧಡ ಕುಣಿದಳು. ಗಚ್ಚು ಒಡೆದರೆ ನೀನೇ ಹಾಕಿಸಬೇಕು ಎಂದು ಕೆಳಗಿನಿಂದ ಕೂಗಿದೆ.

ಅವತ್ತು ಸಂಜೆ ಕೇಸರಿಬಾತ್ ಮಾಡಿ ಹನ್ನೆರಡು ಮನೆಗೂ ಕೊಟ್ಟೆವು. ಕೊನೆಯ ಮನೆಯ ಮುದುಕಿ ನನಗಿಂತ ಹಿರಿಯಳು. ತಿಂದು, ತುಪ್ಪ ಸಾಲದು ಎಂದಳು. ಆಮೇಲೆ, "ಊರೆಲ್ಲ ಕರೆದ್ರಿ, ಪುರೋಹಿತನ್ನೇ ಕರೀಲಿಲ್ವಲ್ಲ," ಎಂದಳು.

ಯಾವ ಪುರೋಹಿತ ಎಂದೆ.

"ವಾಲ್ವ್ ತಿರುಗ್ಸೋನು ಕಣೇ. ನೀರು ಬಿಡೋನೇ ಗುಂಡಿ ಒತ್ತಿದ್ರೆ ಮುಗೀತಲ್ಲ. ನೀವ್ಯಾಕೆ ನಲ್ಲಿ ಕಾಯ್ತಾ ಕೂತಿದ್ದೀರಾ?"

ಬಾಡಿಗೆಯವಳು ನನ್ನ ಮುಖ ನೋಡಿದಳು, ನಾನು ಅವಳದು ನೋಡಿದೆ. ಇಷ್ಟು ಓದಿದವಳಿಗೂ ಹೊಳೆದಿರಲಿಲ್ಲ, ಇಷ್ಟು ಮದುವೆಗೆ ಕರೆದ ನನಗೂ ಹೊಳೆದಿರಲಿಲ್ಲ.

ಮರುದಿನ ಬೆಳಿಗ್ಗೆ ಐದಕ್ಕೇ ಎದ್ದು, ಸ್ನಾನ ಮಾಡಿ, ಎಲೆ ಅಡಿಕೆ ಹಿಡಿದುಕೊಂಡು ಬೀದಿ ಕೊನೆಯ ವಾಲ್ವಿನ ಹತ್ತಿರ ಹೋಗಿ ನಿಂತೆ. ಅವನು ಉದ್ದನೆಯ ಕಬ್ಬಿಣದ ಸಲಾಕೆ ಹೊತ್ತು ಬಂದವನು ನನ್ನನ್ನು ನೋಡಿ, ಬೈಯುವುದಕ್ಕೆ ಬಂದಿದ್ದಾಳೆ ಎಂದುಕೊಂಡು ಅಲ್ಲೇ ನಿಂತುಬಿಟ್ಟ. ಮೊದಲು ನೀರು ಬಿಡು ಎಂದೆ. ಬಿಟ್ಟ. ಆಮೇಲೆ ಕರೆದೆ.