ಸುಳಿಯಿಲ್ಲದ ದೀಪದ ಮರ

ಮಾನ್ಯ ಓದುಗರ ಅವಗಾಹನೆಗೆ ತರಬಯಸುವುದೇನೆಂದರೆ, ಎಂಬತ್ತರ ದಶಕದಲ್ಲಿ ತಿಪಟೂರಿನಲ್ಲಿ ನಾವು ಬಾಡಿಗೆಗಿದ್ದ ಮೂರಂತಸ್ತಿನ ಕಟ್ಟಡಕ್ಕೆ ರಾಜ್ಯೋತ್ಸವದ ದೀಪಾಲಂಕಾರ ಮಾಡಲು ಒಬ್ಬ ಲೈಟಿನವರು ಬಂದಿದ್ದರು. ಬಿದಿರಿನ ದಬ್ಬೆಗಳಿಗೆ ಬಣ್ಣದ ಬಲ್ಬು ಕಟ್ಟಿ, ಗೋಡೆಯ ತುಂಬ ತೆಂಗಿನ ಮರವೊಂದನ್ನು ಬೆಳೆಸಿದರು. ಪ್ರತಿ ಗಂಟು ಬಿಗಿದಾಗಲೂ ಏಣಿಯ ಮೇಲಿಂದ ಕತ್ತು ಹೊರಳಿಸಿ, "ಕೆಳಗಿಂದ ನೋಡಿ ಹೇಳ್ರೀ" ಎನ್ನುವುದು ಅವರ ವಾಡಿಕೆ. ಈ ಕೆಲಸ ಮೆಚ್ಚಿಗೆಯಾದರೆ ಪೇಟೆಯ ಮದುವೆಗಳ ಅಲಂಕಾರವೂ ಅವರಿಗೇ ಸಿಗುವುದಿತ್ತು.

ಮರದ ನೆತ್ತಿಯಲ್ಲಿ ಎಳೆಗರಿ ಮೂಡುವ ಸುಳಿ ಸರಿಯಾಗಿ ನಮ್ಮ ಕಿಟಕಿಗೆ ಬಂದಿತ್ತು. ದೀಪ ಹಚ್ಚಿ ಪರೀಕ್ಷಿಸುವಾಗ ಆ ಮಿನುಗಿಗೆ ನಮ್ಮ ಹಸುಗೂಸು ಬೆಚ್ಚಿ ಅಳತೊಡಗಿತು. ನಾನು ವಿನಂತಿಸಿದ ಕೂಡಲೇ ಅವರು ಸುಳಿಯ ಬಲ್ಬುಗಳನ್ನು ಬಿಚ್ಚಿದರು.

ಸಂಜೆ ನೋಡಲು ಸೇರಿದವರೆಲ್ಲ ತೆಂಗು ಬೆಳೆದವರೇ.

"ಸುಳಿನೇ ಇಲ್ವಲ್ಲ, ಇದು ಸತ್ತ ಮರ ಕಣ್ಲಾ!" ಎಂದು ಒಬ್ಬರು ಪಕ್ಕದವರಿಗೆ ಹೇಳಿ ನಕ್ಕರು.

"ತೆಂಗಿನ ಸೀಮೆಗೆ ಬಂದು ಇದೇನಯ್ಯ ನಿನ್ನ ಕೆಲ್ಸ?" ಎಂದರು ಮತ್ತೊಬ್ಬರು.

"ಹೌದು ಕಣ್ರೀ, ಮರ್ತೋಯ್ತು" ಎಂದರು ಲೈಟಿನವರು. ಅವರ ದೃಷ್ಟಿ ನನ್ನತ್ತ ತಿರುಗಲಿಲ್ಲ.

ಅದೇ ಗುಂಪಿನಲ್ಲಿ ನಿಂತಿದ್ದ ನಾನು ಏಕೆ ಬಾಯಿ ತೆರೆಯಲಿಲ್ಲವೆಂಬುದಕ್ಕೆ ಈವರೆಗೂ ಸಮರ್ಪಕ ಕಾರಣ ದೊರೆತಿರುವುದಿಲ್ಲವೆಂದು ವಿನಮ್ರನಾಗಿ ನಿವೇದಿಸುತ್ತೇನೆ.