ಒಣಗಬಾರದಿದ್ದ ಹರಳು

ಎಂ.ಎಸ್ಸಿ. ಕೊನೆಯ ವರ್ಷ ನನ್ನ ಪಾಲಿಗೆ ಬಂದದ್ದು ನಿಕಲ್ಲಿನ ಒಂದು ಸಂಯುಕ್ತ. ಹಾಸನದ ನಮ್ಮ ಲ್ಯಾಬಿನ ಕಿಟಕಿಯ ಬಳಿ ಪುಟ್ಟ ಸೀಸೆಯಲ್ಲಿ ಮೂರು ವಾರ ಅಲುಗಿಸದೆ ಇಟ್ಟ ಮೇಲೆ, ದ್ರಾವಣದ ತಳದಲ್ಲಿ ಹಸಿರು ಹರಳುಗಳು ಕಟ್ಟಿದ್ದವು. ಸಾಸಿವೆಗಿಂತ ಚಿಕ್ಕವು, ಅಂಚು ಮಾತ್ರ ಕತ್ತರಿಸಿದಂತೆ ನೇರ. ಸೋಮವಾರ ನಮ್ಮ ಮೇಷ್ಟ್ರು ಅವನ್ನು ಬೆಂಗಳೂರಿಗೆ ಒಯ್ದು, ಎಕ್ಸ್-ರೇ ಹಾಯಿಸಿ, ಒಳಗೆ ಲೋಹದ ಸುತ್ತ ಯಾವ ಅಣು ಎಲ್ಲಿ ಕೂತಿದೆಯೆಂದು ನೋಡಿಸುವವರಿದ್ದರು. ಆ ಯಂತ್ರದ ಸರದಿ ಸಿಗುವುದೇ ಕಷ್ಟವಿತ್ತು.

ಶನಿವಾರ ಊರಿಗೆ ಹೋಗಲು ಹೊಳೆನರಸೀಪುರದ ಬಸ್ಸು ಹಿಡಿಯುವ ಮುಂಚೆ, ಹರಳುಗಳನ್ನು ಹಾಗೆ ಒದ್ದೆಯಾಗಿ ಕಳಿಸುವುದು ನನಗೆ ಸರಿಕಾಣಲಿಲ್ಲ. ಮನೆಯಲ್ಲಿ ಸಂಡಿಗೆ ಗಲಗಲ ಅನ್ನುವವರೆಗೆ ಅಮ್ಮ ಡಬ್ಬಕ್ಕೆ ಹಾಕುತ್ತಿರಲಿಲ್ಲ. ಲ್ಯಾಬಿನಲ್ಲೂ ಅದೇ ಪಾಠ: ಸೋಸು, ತೊಳೆ, ಒಣಗಿಸು, ತೂಗು. ದ್ರಾವಣವನ್ನು ನಾನೇ ಚೆಲ್ಲಿದೆ. ಹರಳುಗಳನ್ನು ತೇವ ಹೀರುವ ಡೆಸಿಕೇಟರಿನಲ್ಲಿ ಎರಡು ಗಂಟೆ ಇಟ್ಟು ಮತ್ತೆ ಸೀಸೆಗೆ ಹಾಕಿದೆ. ದುದ್ದದ ಕಡೆಯ ನಮ್ಮ ಅಟೆಂಡರ್, ನಿವೃತ್ತಿಗೆ ಹತ್ತಿರವಾಗಿದ್ದವರು, ಅಷ್ಟೂ ಹೊತ್ತು ಬೀಗ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು.

ಸೋಮವಾರ ನೋಡಿದರೆ ಹಸಿರು ಮಾಸಿ, ಹರಳುಗಳ ಮೈಯೆಲ್ಲ ಮಂಕಾಗಿ ಬಿರುಕು ಬಿಟ್ಟಿತ್ತು. ಅವುಗಳ ಕಟ್ಟಿನೊಳಗೇ ನೀರಿನ ಅಣುಗಳಿದ್ದವು. ನಾನು ಅವನ್ನೂ ಒಣಗಿಸಿದ್ದೆ.

ಮೇಷ್ಟ್ರು ಸೀಸೆಯನ್ನು ಬೆಳಕಿಗೆ ಹಿಡಿದರು. ಆಮೇಲೆ ಮೇಜು ಒರೆಸುತ್ತಿದ್ದ ಅಟೆಂಡರ್ ಕಡೆ ತಿರುಗಿದರು.

"ಇದರಲ್ಲಿದ್ದದ್ದನ್ನ ಚೆಲ್ಲಿ ಬರೀ ಹರಳು ಎತ್ತಿಟ್ಟಿದೀಯೇನಯ್ಯ?"

"ನಾನ್ಯಾಕ್ ಮುಟ್ಲಿ ಸಾ? ನಿಮ್ ಬಾಟ್ಲು ಕಂಡ್ರೆ ಮಾರು ದೂರ್ದಿಂದ ಗುಡಿಸ್ತೀನಿ."

"ಮತ್ತೆ ದೆವ್ವ ಬಂದು ಚೆಲ್ತಾ? ನಾಳೆಯಿಂದ ಈ ರೂಮಿಗೆ ಕಾಲಿಡಬೇಡ."

ನಾನು ಅಲ್ಲೇ ನಿಂತಿದ್ದೆ.

ಮಧ್ಯಾಹ್ನ ನಲ್ಲಿಯ ಹತ್ತಿರ ಅಟೆಂಡರ್ ಒಬ್ಬರೇ ಸಿಕ್ಕರು. "ಚೆಲ್ಲಿದ್ದು ನಾನು," ಎಂದೆ.

"ಗೊತ್ತು ಕಣವ್ವ. ಬೀಗ ಇಡ್ಕಂಡು ನೋಡ್ತಾನೇ ನಿಂತಿದ್ನಲ್ಲ. ನೀನೇ ಏಳ್ತೀಯ ಅಂತ ಸುಮ್ಕಿದ್ದೆ."

ಮೇಷ್ಟ್ರ ಕೋಣೆಯ ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ಹೊಸ ಹರಳು ಕಟ್ಟುವ ತನಕ ಆ ರೂಮನ್ನು ನಾನೇ ಗುಡಿಸಿದೆ. ಈ ಸಲ ಅವು ದ್ರಾವಣದಲ್ಲೇ ಬೆಂಗಳೂರಿಗೆ ಹೋದವು. ಚಿತ್ರವೂ ಬಂತು, ನೀರು ತನ್ನ ಜಾಗದಲ್ಲಿತ್ತು.

ಪ್ರಬಂಧದಲ್ಲಿ 'ಈ ಹರಳುಗಳು ಒಣಗಿದರೆ ಕೆಡುತ್ತವೆ' ಎಂದು ಬರೆದೆ. ಮೇಷ್ಟ್ರು ಓದಿ, ಪಕ್ಕದಲ್ಲಿ ಸರಿ ಗುರುತು ಹಾಕಿದರು. ಹೇಗೆ ಗೊತ್ತಾಯಿತೆಂದು ಕೇಳಿದ್ದರೆ ಹೇಳುತ್ತಿದ್ದೆ ಎಂದು ಈಗಲೂ ಅಂದುಕೊಳ್ಳುತ್ತೇನೆ.