ಮೇಜಿನ ಮೂಲೆಯಲ್ಲಿ ಲೊರೇನ್ ಹುಡಾಕ್

ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಲೊರೇನ್ ಹುಡಾಕ್ ತನ್ನ ಸಿಟ್ಟನ್ನೆಲ್ಲ ದವಡೆಯಲ್ಲೇ ಹಿಡಿದಿಟ್ಟವಳು. ನಾನು ಹಾಗಲ್ಲ, ನನ್ನದು ನೇರ ಬಾಯಿಗೆ ಬರುತ್ತದೆ. ಅದಕ್ಕೇ ವಿಶ್ವವಿದ್ಯಾಲಯದ ಜೊತೆ ಒಪ್ಪಂದದ ಮಾತುಕತೆಗೆ ಕೂರುವಾಗ ಉಪನ್ಯಾಸಕರ ಪರವಾಗಿ ಸಂಘದವರು ನನ್ನನ್ನು ಬಿಟ್ಟು ಅವಳನ್ನು ಆರಿಸಿದರು. ಅವಳು ಸಭ್ಯಳಂತೆ.

ನಾವಿಬ್ಬರೂ ಮೊದಲ ವರ್ಷದ ಹುಡುಗರಿಗೆ ನೆಟ್ಟಗೆ ಒಂದು ಪುಟ ಬರೆಯುವುದನ್ನು ಕಲಿಸುವವರು. ಪೆನ್ಸಿಲ್ವೇನಿಯಾದ ಪಶ್ಚಿಮದಲ್ಲಿ, ಉಕ್ಕಿನ ಕಾರ್ಖಾನೆ ಮುಚ್ಚಿಹೋದ ಮೇಲೆ ವಿಶ್ವವಿದ್ಯಾಲಯವೊಂದೇ ಉಳಿದಿರುವ ಊರು ನಮ್ಮದು. ನಮ್ಮನ್ನು ಕಾಗದದ ಮೇಲೆ ಅತಿಥಿ ಉಪನ್ಯಾಸಕರು ಎಂದು ಕರೆಯುತ್ತಾರೆ. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಪಾತ್ರೆ ತೊಳೆದವಳು ಯಾವ ಸೀಮೆಯ ಅತಿಥಿ? ಪ್ರತಿ ಆರು ತಿಂಗಳಿಗೊಮ್ಮೆ ಹೊಸದಾಗಿ ನೇಮಕ. ಇಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ, ಮುಂದಿನ ಸಲ ತರಗತಿ ಕೊಡುವುದಿಲ್ಲ ಅಷ್ಟೆ. ಕೊಲೆಯೂ ಆಗಬೇಕು, ರಕ್ತವೂ ಕಾಣಬಾರದು.

ಲೊರೇನ್ ಬೆಳಿಗ್ಗೆ ನದಿಯಾಚೆಯ ಸಣ್ಣ ಕಾಲೇಜಿನಲ್ಲಿ ಪಾಠ ಮಾಡಿ, ಬೇಯಿಸಿ ತಂದ ಮೊಟ್ಟೆಯನ್ನು ಕಾರಿನಲ್ಲೇ ತಿಂದು, ಮಧ್ಯಾಹ್ನ ನಮ್ಮಲ್ಲಿಗೆ ಬರುತ್ತಿದ್ದಳು. ಸಂಜೆ ಮೂರನೆಯ ಕಡೆ. ಗುರುವಾರ ಮಾತ್ರ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರ ಜೊತೆ ಕೂತು ಪಿರೋಗಿ ಮಡಚುತ್ತಿದ್ದಳು. ಆಲೂಗಡ್ಡೆ ತುಂಬಿದ ಆ ಕಡುಬುಗಳ ಅಂಚನ್ನು ಅವಳು ಒತ್ತಿದರೆ ಕುದಿಯುವ ನೀರಿನಲ್ಲೂ ಬಿಚ್ಚುತ್ತಿರಲಿಲ್ಲ. ಅವಳಪ್ಪ ಕುಲುಮೆಯ ಮುಂದೆ ದುಡಿದವನು, ಉಕ್ಕಿನ ಕಾರ್ಮಿಕರ ಸಂಘದ ಹಳೆಯ ಹುಲಿ. ಮಾತು ಕೊಟ್ಟಮೇಲೆ ಹಿಂದೆ ತೆಗೆದುಕೊಳ್ಳುವವನನ್ನು ಅವನು ಮನೆಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲವಂತೆ. ಮಗಳೂ ಅದೇ ಅಚ್ಚು.

ನಮಗೆ ಬೇಕಿದ್ದದ್ದು ಒಂದೇ ಷರತ್ತು. ಮೂರು ವರ್ಷ ಪಾಠ ಮಾಡಿದವರನ್ನು ಕಾರಣ ಹೇಳದೆ ಕೈಬಿಡಬಾರದು. ಅಷ್ಟೆ.

ಮಾತುಕತೆಗೂ ಒಂದು ಮಡಿ ಇದೆ. ಮೇಜಿನ ಈ ಕಡೆ ನಮ್ಮ ಸಂಘದ ತಂಡ, ಅದರಲ್ಲಿ ಲೊರೇನ್ ಒಬ್ಬಳನ್ನು ಬಿಟ್ಟರೆ ಎಲ್ಲರೂ ಪ್ರೊಫೆಸರುಗಳೇ; ಆ ಕಡೆ ಆಡಳಿತದವರು ಮತ್ತು ಅವರ ವಕೀಲ. ನಮ್ಮ ಕಡೆಯಿಂದ ಮುಖ್ಯಸ್ಥ ಒಬ್ಬನೇ ಮಾತಾಡಬೇಕು, ಉಳಿದವರು ಕಲ್ಲಿನ ಹಾಗೆ ಕೂರಬೇಕು. ಕೊನೆಗೆ ಏನೇ ತೀರ್ಮಾನವಾಗಲಿ, ಸದಸ್ಯರ ಮುಂದೆ ತಂಡದ ಪ್ರತಿಯೊಬ್ಬರೂ ಎದ್ದು ನಿಂತು ‘ಇದನ್ನು ಒಪ್ಪಿ’ ಎಂದು ಹೇಳಲೇಬೇಕು. ಮೊದಲ ದಿನವೇ ಎಲ್ಲರೂ ಇದಕ್ಕೆ ಮಾತು ಕೊಡುತ್ತಾರೆ. ಲೊರೇನ್ ಕೂಡ ಕೊಟ್ಟಳು.

ನಮ್ಮ ಮುಖ್ಯಸ್ಥ ಆಲ್ಡೆನ್ ಥೇಯರ್, ಇತಿಹಾಸದ ಪ್ರೊಫೆಸರ್. ಕಾರ್ಮಿಕ ಚಳವಳಿಗಳ ಬಗ್ಗೆ ದಪ್ಪ ಪುಸ್ತಕ ಬರೆದವರು. ಕಾಯಂ ಕೆಲಸ, ಬೆಲ್ಲದಂಥ ಮಾತು. ಒಂದು ದಿನ ಆ ಕಡೆಯ ವಕೀಲ, “ಈ ಅರೆಕಾಲಿಕದವರಿಗೆ ಹೀಗೇ ಇಷ್ಟ ಸ್ವಾಮೀ. ಬೇಕಾದಾಗ ಬರ್ತಾರೆ, ಬೇಡ ಅಂದ್ರೆ ಮನೇಲಿರ್ತಾರೆ. ಅವರ ಸ್ವಾತಂತ್ರ್ಯ ಯಾಕೆ ಕಿತ್ಕೋತೀರಿ?” ಎಂದನಂತೆ. ಮೇಜಿನ ಮೂಲೆಯಲ್ಲಿ ಕೂತಿದ್ದ ಲೊರೇನ್ ಬಾಯಿ ಬಿಡುವಂತಿಲ್ಲ. ಥೇಯರ್ ಮುಗುಳ್ನಕ್ಕು ಮುಂದಿನ ವಿಷಯ ಎತ್ತಿಕೊಂಡರು.

“ನಕ್ರಾ?” ಅವಳು ಇದನ್ನು ಹೇಳಿದಾಗ ಕೇಳಿದೆ ನಾನು.

“ನಕ್ರು ಕಣೇ ಪಾಲೆಟ್.”

“ನೀನೇನ್ ಮಾಡ್ದೆ?”

“ಪೆನ್ನು ಮುರ್ದೆ. ನಂದೇ ಪೆನ್ನು.”

ನವೆಂಬರ್ ಕೊನೆಯ ಒಂದು ಮಧ್ಯಾಹ್ನ ಆಡಳಿತದವರು ಗಾಳ ಹಾಕಿದರು. ಪ್ರೊಫೆಸರುಗಳಿಗೆ ಏಳು ವರ್ಷಕ್ಕೊಮ್ಮೆ ಸಿಗುವ ಸಂಬಳದ ರಜೆಯನ್ನು ಕಿತ್ತುಹಾಕುತ್ತೇವೆ, ಉಪನ್ಯಾಸಕರ ಷರತ್ತು ಬಿಟ್ಟರೆ ರಜೆ ಉಳಿಸುತ್ತೇವೆ ಎಂದರು. ನಮ್ಮ ತಂಡ ಪಕ್ಕದ ಕೋಣೆಗೆ ಹೋಗಿ ಕೈಯೆತ್ತಿತು. ಷರತ್ತಿನ ಕಡೆಗೆ ಲೊರೇನ್ ಕೈ ಒಂದೇ, ರಜೆಯ ಕಡೆಗೆ ಉಳಿದೆಲ್ಲ ಕೈಗಳು. ಎತ್ತಿದ ಆ ಕೈಗಳ ಪೈಕಿ ಒಂದಾದರೂ ಅರೆಮನಸ್ಸಿನಿಂದ ಎದ್ದಿರಬಹುದು ಎಂದು ನಾನು ಬಹಳ ದಿನ ಆಸೆಯಿಂದ ನಂಬಿದ್ದೆ. ಇಲ್ಲ, ಎಲ್ಲವೂ ಒಟ್ಟಿಗೇ ಎದ್ದವಂತೆ.

“ಮುಂದಿನ ಒಪ್ಪಂದದಲ್ಲಿ ಖಂಡಿತ ನೋಡೋಣ ಲೊರೇನ್. ನಿಮ್ಮ ತ್ಯಾಗ ನಾವು ಮರೆಯಲ್ಲ,” ಎಂದರು ಥೇಯರ್. ಮೂಗಿಗೆ ತುಪ್ಪ ಸವರುವುದರಲ್ಲಿ ಅವರು ಪಂಡಿತರು.

“ತ್ಯಾಗ ನಾನ್ ಮಾಡಿಲ್ಲ ಪ್ರೊಫೆಸರೇ, ನೀವು ಮಾಡಿಸಿದ್ರಿ,” ಎಂದಳು ಲೊರೇನ್. “ಇರ್ಲಿ, ಮಾತು ಕೊಟ್ಟಿದೀನಿ, ಎದ್ದು ನಿಂತು ಹೇಳ್ತೀನಿ. ನಂದೊಂದು ಕೇಳಿಕೆ. ಸದಸ್ಯರು ಮತ ಹಾಕೋದು ಭಾನುವಾರ ಆಗ್ಲಿ, ಉಕ್ಕಿನವರ ಸಂಘದ ಹಾಲಲ್ಲಿ. ನಮ್ಮಪ್ಪ ಕೂತಿದ್ದ ಜಾಗ.”

“ಅಷ್ಟೇನಾ?” ಥೇಯರ್ ಧಾರಾಳವಾಗಿ ನಕ್ಕರು. “ಒಳ್ಳೇದೇ ಆಯ್ತು ಬಿಡಿ. ಪತ್ರಿಕೆಯವರಿಗೂ ಫೋಟೋ ಚೆನ್ನಾಗಿರುತ್ತೆ.”

ಇತಿಹಾಸ ಓದಿದ ಮನುಷ್ಯ! ಸಂಘದ ಮತದಾನ ಎಂದೂ ನಡೆಯುತ್ತಿದ್ದದ್ದು ಮಂಗಳವಾರ ಮಧ್ಯಾಹ್ನ, ಪ್ರೊಫೆಸರುಗಳ ಕ್ಲಬ್ಬಿನಲ್ಲಿ. ಆ ಹೊತ್ತಿಗೆ ನಮ್ಮವರೆಲ್ಲ ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಹೆದ್ದಾರಿಯ ಮೇಲೆ ಓಡುತ್ತಿರುತ್ತೇವೆ. ಪೂರ್ತಿ ಚಂದಾ ಕಟ್ಟುವ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ನಾವೇ ಎಂಬುದು ಅವರ ಕಣ್ಣಿಗೆ ಎಂದೂ ಬಿದ್ದಿರಲಿಲ್ಲ, ಯಾಕೆಂದರೆ ನಾವು ಎಂದೂ ಬಂದಿರಲಿಲ್ಲ.

ಭಾನುವಾರ ಬಂದೆವು. ಚರ್ಚು ಬಿಟ್ಟ ಕೂಡಲೇ, ಫುಟ್‌ಬಾಲ್ ಆಟಕ್ಕೆ ಮುಂಚೆ, ನಮ್ಮ ಕಡೆಯ ಆಟಗಾರರ ಕಪ್ಪು ಹಳದಿ ಅಂಗಿ ತೊಟ್ಟುಕೊಂಡೇ ಬಂದೆವು. ಮಕ್ಕಳನ್ನು ಎತ್ತಿಕೊಂಡು ಬಂದವರಿದ್ದರು. ಅತ್ತ ಪ್ರೊಫೆಸರುಗಳಲ್ಲಿ ಬಹುಪಾಲು ಜನ ಹೇಗೂ ಪಾಸಾಗುತ್ತದೆ ಎಂದು ಮನೆಯಲ್ಲಿ ಟಿವಿ ಮುಂದೆ ಕೂತಿದ್ದರು. ಒಬ್ಬೊಬ್ಬರಾಗಿ ತಂಡದವರು ಎದ್ದು ಒಪ್ಪಂದವನ್ನು ಹೊಗಳಿದರು. ಕೊನೆಗೆ ಲೊರೇನ್ ಎದ್ದಳು.

“ನಮ್ಮ ಷರತ್ತು ಈ ಒಪ್ಪಂದದಲ್ಲಿಲ್ಲ,” ಎಂದಳು. “ಪ್ರೊಫೆಸರುಗಳ ರಜೆ ಇದೆ. ಇದನ್ನ ಒಪ್ಪಿ ಅಂತ ನಾನು ನಿಮಗೆ ಶಿಫಾರಸು ಮಾಡ್ತೀನಿ.”

ಒಂದು ಸುಳ್ಳಿಲ್ಲ, ಒಂದು ಮಾತು ಮುರಿದಿಲ್ಲ. ಹೇಳಿ ಕೂತಳು. ಸಂಜೆಯ ಒಳಗೆ ಒಪ್ಪಂದ ಮಣ್ಣುಮುಕ್ಕಿತ್ತು.

ಥೇಯರ್ ಮೆಟ್ಟಿಲ ಬಳಿ ಅವಳನ್ನು ಅಡ್ಡಗಟ್ಟಿದರು. ಮುಖ ಬೀಟ್‌ರೂಟ್ ಆಗಿತ್ತು. “ಬೆನ್ನಿಗೆ ಚೂರಿ ಹಾಕಿದ್ರಿ ನೀವು!”

“ಒಪ್ಪಿ ಅಂತ ಎಲ್ಲರ ಎದುರಿಗೆ ಹೇಳಿದೀನಲ್ಲ ಪ್ರೊಫೆಸರೇ. ಹತ್ತೊಂಬತ್ತು ವರ್ಷದಿಂದ ಇಲ್ಲಿ ಯಾರೂ ನನ್ನ ಮಾತು ಕೇಳ್ತಿರ್ಲಿಲ್ಲ. ಇವತ್ತೂ ಕೇಳ್ಲಿಲ್ಲ. ಅದಕ್ಕೆ ನಾನೇನ್ ಮಾಡ್ಲಿ?”

ನಾನು ಅಲ್ಲೇ ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ. ಸಭ್ಯತೆ ಹಾಳಾಗಿ ಹೋಗಲಿ.

ತಂಡ ಮತ್ತೆ ಮೇಜಿಗೆ ಹೋಯಿತು. ಚಳಿಗಾಲ ಕಳೆಯುವಷ್ಟರಲ್ಲಿ ಷರತ್ತು ಸಿಕ್ಕಿತು. ಆದರೆ ಆ ಕಡೆಯ ವಕೀಲ ಅದರ ಬಾಲಕ್ಕೆ ಒಂದು ಸಾಲು ಅಂಟಿಸಿದ್ದ. ಬರುವ ಸೆಪ್ಟೆಂಬರ್ ಒಂದರಂದು ಯಾರ ಹೆಸರಿನಲ್ಲಿ ತರಗತಿ ಇರುತ್ತದೋ ಅವರಿಗೆ ಮಾತ್ರ ಇದು ಅನ್ವಯ. ನಮ್ಮಲ್ಲಿ ಹೆಚ್ಚಿನವರು ಅದನ್ನು ಓದಿ ತಲೆಯಾಡಿಸಿದೆವು, ಅದರಲ್ಲೇನೂ ತಪ್ಪು ಕಾಣಲಿಲ್ಲ. ಈ ಸಲವೂ ಲೊರೇನ್ ಎದ್ದು ನಿಂತು ಶಿಫಾರಸು ಮಾಡಿದಳು, ಈ ಸಲ ಎಲ್ಲರೂ ಒಪ್ಪಿದೆವು.

ಆಗಸ್ಟಿನಲ್ಲಿ ತರಗತಿಗಳನ್ನು ಹಂಚಿದರು. ಲೊರೇನ್‌ಗೆ ಒಂದೂ ಇಲ್ಲ. ಈ ಸಲ ವಿದ್ಯಾರ್ಥಿಗಳು ಕಡಿಮೆ, ದಯವಿಟ್ಟು ಅನ್ಯಥಾ ಭಾವಿಸಬೇಡಿ ಎಂದರು ವಿಭಾಗದವರು. ನನ್ನದೂ ಕಡಿತವಾಗಿತ್ತು, ಉಳಿದದ್ದು ಒಂದೇ ತರಗತಿ. ಅದು ಅವಳದು. ಅವಳು ವರ್ಷಗಟ್ಟಲೆ ಪಾಠ ಮಾಡಿದ ಅದೇ ಕೋಣೆ, ಅದೇ ಹೊತ್ತು.

ನಾನು ಕಾರು ಹತ್ತಿ ನೇರ ಚರ್ಚಿನ ನೆಲಮಾಳಿಗೆಗೆ ಹೋದೆ. ಅಂದು ಗುರುವಾರ, ಲೊರೇನ್ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

“ನಾನು ಬೇಡ ಅಂತೀನಿ,” ಎಂದು ಕೂಗಿದೆ. “ಅವರ ಮುಖಕ್ಕೇ ಎಸೀತೀನಿ. ಸಂಘದಲ್ಲಿ ದೂರು ಕೊಡೋಣ.”

“ದೂರು ಕೊಟ್ಟಾಯ್ತು. ಅದು ತೀರ್ಮಾನ ಆಗೋ ಹೊತ್ತಿಗೆ ನಂಗೆ ಹಲ್ಲು ಉದುರಿರುತ್ತೆ. ಬೇಡ ಅಂದ್ರೆ ಒಂದನೇ ತಾರೀಖು ನಿನ್ನ ಹೆಸರೂ ಇರಲ್ಲ. ಷರತ್ತು ನಿನಗೂ ಇಲ್ಲ, ನಂಗೂ ಇಲ್ಲ. ಅವರಿಗೆ ಬೇಕಾಗಿರೋದು ಅದೇ.”

“ಆ ಸಾಲು ಬರೆಯೋವಾಗ್ಲೇ ನಿಂಗೆ ಗೊತ್ತಿತ್ತಾ?”

“ತಾರೀಖು ನೋಡಿದ್ ಕೂಡ್ಲೇ ಗೊತ್ತಾಯ್ತು. ಯಾರಿಗೆ ಹಾಕಿದ ಬಲೆ ಅಂತ. ಅದನ್ನ ಹಿಡ್ಕೊಂಡು ಜಗಳಕ್ಕೆ ಕೂತಿದ್ರೆ ಷರತ್ತೇ ಹೋಗ್ತಿತ್ತು.”

“ದೊಡ್ಡ ಸಂತಳು ನೀನು!” ನನ್ನ ಕಣ್ಣಲ್ಲಿ ನೀರು ಬಂದಿತ್ತು, ದುಃಖಕ್ಕಲ್ಲ.

“ಸಂತಳಂತೆ! ಮೈಯೆಲ್ಲ ಉರೀತಿದೆ ಕಣೇ, ರಾತ್ರಿ ನಿದ್ದೆ ಇಲ್ಲ.” ಅವಳ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸುತ್ತಲಿನ ಹೆಂಗಸರು ಮಡಚುವುದನ್ನು ನಿಲ್ಲಿಸಿ ನೋಡಿದರು. “ನಿನ್ನ ಹತ್ರ ಸಮಾಧಾನ ಬೇಡ ನಂಗೆ. ಹೋಗಿ ತರಗತಿ ತಗೋ. ಮೂರು ವರ್ಷಕ್ಕೆ ಮತ್ತೆ ಮಾತುಕತೆ ಬರುತ್ತೆ, ಆ ಮೇಜಿಗೆ ನೀನು ಹೋಗು. ಮೊದಲ್ನೇ ದಿನ ಬಾಯಿ ಮುಚ್ಕೊಂಡಿರ್ತೀನಿ ಅಂತ ಮಾತು ಕೊಡು ಅಂತಾರೆ. ಕೊಡ್ಬೇಡ.”

ನಾನು ತರಗತಿ ಒಪ್ಪಿಕೊಂಡೆ. ಸಿಟ್ಟು ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ಇಲ್ಲ.